ನಂಜೇರಿದಾಗ

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಕಡೆಯ ಹಿರಿಯರನ್ನು ಕೇಳಿ ನೋಡಿರಿ, ‘ನಂಜೇರಿತು’ ಎಂಬ ಮಾತು ಬಂದೇ ಬರುತ್ತದೆ. ಕುಡುಗೋಲಿನ ಗಾಯ ಬಾತಿತು, ಚಳಿಜ್ವರ ಹಿಡಿಯಿತು, ಮೂರನೆಯ ದಿನ ಮಾತು ತಪ್ಪಿತು. ವೈದ್ಯರು ಸೆಪ್ಸಿಸ್ ಎನ್ನುವುದು ಇದನ್ನೇ.

ಇದರ ಘೋರರೂಪ ಕಂಡದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಧಾರವಾಡ ಜಿಲ್ಲೆಗೂ ಹಬ್ಬಿತು. ಆಗ ಶಿಗ್ಗಾಂವ ಬಂಕಾಪುರ ತಾಲೂಕಿನ, ಹಿರೇಕೆರೂರ ಕೋಡ ತಾಲೂಕಿನ ಕಚೇರಿಯಿದ್ದ ಊರು. ಸವಣೂರ ನವಾಬರ ಸಂಸ್ಥಾನ. ಇಲಿ ಬಿದ್ದಿತೆಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಾಲವದು. ತೊಡೆಸಂದಿಯಲ್ಲಿ, ಕಂಕುಳಲ್ಲಿ ಗಡ್ಡೆ ಎದ್ದವರು ಕೆಲವರಾದರೂ ಬದುಕುತ್ತಿದ್ದರು. ಗಡ್ಡೆ ಏಳುವ ಮೊದಲೇ ರೋಗಾಣು ರಕ್ತಕ್ಕಿಳಿದವರು ಉಳಿಯುವುದು ತೀರ ವಿರಳ. ಹಾಫ್ಕಿನ್ ಎಂಬ ವಿಜ್ಞಾನಿ 1897ರ ಜನವರಿ 10ರಂದು ಮುಂಬಯಿಯಲ್ಲಿ ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ ಲಸಿಕೆಯನ್ನು, ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಕಿದರು. ಅದು ಬಾರದಂತೆ ತಡೆಯುವ ಉಪಾಯ; ಬಂದಮೇಲೆ ಮದ್ದಿರಲಿಲ್ಲ.

1941ರ ಫೆಬ್ರುವರಿಯಲ್ಲಿ ಆಕ್ಸ್‌ಫರ್ಡಿನ ಪೊಲೀಸ್ ಪೇದೆಯೊಬ್ಬನಿಗೆ ಮುಖದ ನಂಜು ಮೈಗೆಲ್ಲ ಏರಿತ್ತು. ಸಲ್ಫಾ ಔಷಧ ನಾಟಲಿಲ್ಲ. ಆಗತಾನೆ ಸಿದ್ಧವಾಗಿದ್ದ ಪೆನಿಸಿಲಿನ್ ಚುಚ್ಚಿದರು. ಜ್ವರ ಇಳಿಯಿತು, ಊಟ ರುಚಿಸಿತು. ಆದರೆ ಮದ್ದು ಸಾಲದು! ಅವನ ಮೂತ್ರದಿಂದಲೇ ಅದನ್ನು ಬೇರ್ಪಡಿಸಿ ಮತ್ತೆ ಚುಚ್ಚಿದರಂತೆ. ಅದೂ ತೀರಿತು, ಮಾರ್ಚಿಯಲ್ಲಿ ಆತನೂ ತೀರಿಕೊಂಡ. ಪ್ಲೇಗಿಗೆ ನಾಟುವ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ.

ಇಂದು ಅಂಥ ಬರವಿಲ್ಲ. ‘ನಾಳೆ ಸಂತೆಗೆ ಹೋದಾಗ ತೋರಿಸಿದರಾಯಿತು’ ಎಂಬ ನಮ್ಮ ಮಾತೇ ಈಗ ಹೆಚ್ಚು ಕೆಡುಕು ಮಾಡುವುದೆಂದು ನನಗೆ ತೋರುತ್ತದೆ. ಸೋಂಕಿಗೆ ಮೈ ತಪ್ಪಾಗಿ ಎದುರುತ್ತರ ಕೊಟ್ಟು ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವುದು ಸೆಪ್ಸಿಸ್ ಎಂದು 2016ರಲ್ಲಿ ತಜ್ಞರು ಹೊಸದಾಗಿ ವಿವರಿಸಿದರು. ಗಾಯವೇ ಆಗಬೇಕೆಂದಿಲ್ಲ, ಮೂತ್ರದ ಉರಿ, ನ್ಯುಮೋನಿಯ, ಹೆರಿಗೆಯ ನಂತರದ ಸೋಂಕು ಯಾವುದರಿಂದಲಾದರೂ ಆದೀತು. ಮನೆಯ ಗಡಿಯಾರ ಹಿಡಿದು ಉಸಿರೆಣಿಸಿರಿ: ದೊಡ್ಡವರಲ್ಲಿ ನಿಮಿಷಕ್ಕೆ 22 ದಾಟಿದರೆ ಎಚ್ಚರ. ಮಾತು ತೊದಲಿದರೆ, ಗುರುತು ತಪ್ಪಿದರೆ, ಕೈಕಾಲು ತಣ್ಣಗಾದರೆ, ಮೂತ್ರ ಕಡಿಮೆಯಾದರೆ ತಡ ಬೇಡ. ಮುದುಕರಲ್ಲಿ ಜ್ವರವೇ ಇರಲಿಕ್ಕಿಲ್ಲ. ಮೈ ತಣ್ಣಗಾಗುವುದೂ ಉಂಟು.

2008ರಿಂದ ನಮ್ಮ ರಾಜ್ಯದಲ್ಲಿ 108ಕ್ಕೆ ಕರೆದರೆ ಗಾಡಿ ಬರುತ್ತದೆ. ಆಸ್ಪತ್ರೆಯಲ್ಲಿ ರಕ್ತದ ಮಾದರಿ ತೆಗೆದು, ರಕ್ತದೊತ್ತಡ ಕುಸಿದಿದ್ದರೆ ಒಂದು ಗಂಟೆಯೊಳಗೆ ಪ್ರತಿಜೀವಕ ಕೊಡಬೇಕೆಂಬುದು 2021ರ ಅಂತರರಾಷ್ಟ್ರೀಯ ಸೂಚನೆ. ಅಂಥವರಿಗೆ ಮೊದಲ ಮೂರು ಗಂಟೆಗಳಲ್ಲಿ ಕಿಲೋ ತೂಕಕ್ಕೆ 30 ಮಿಲಿಲೀಟರಿನಂತೆ ನರಕ್ಕೆ ಸಲೈನ್. ಐವತ್ತು ಕಿಲೋ ತೂಗುವವರಿಗೆ ಒಂದೂವರೆ ಲೀಟರು. ಕೀವು ತುಂಬಿದ್ದರೆ ತೆಗೆಯಲೇಬೇಕು. ನೀವು ವೈದ್ಯರಿಗೆ ಹೇಳಬೇಕಾದುದು ಮೂರೇ ಮಾತು: ಬೇನೆ ಯಾವಾಗ ಶುರುವಾಯಿತು, ಯಾವ ಗುಳಿಗೆ ನುಂಗಿದ್ದಾರೆ, ಕೊನೆಯ ಸಲ ಮೂತ್ರವಾದದ್ದು ಎಷ್ಟು ಹೊತ್ತಿಗೆ.