ದಫೇದಾರನ ಕುದುರೆ ಎಲ್ಲಿ ಹೋಯಿತು?

ರಾತ್ರಿ ಬೀಟಿಗೆ ಬರುತ್ತಿದ್ದ ಪೊಲೀಸಿನವರನ್ನು ನಮ್ಮ ದಾದಿ ‘ದಫೇದಾರ್ ಸಾಬ್’ ಎಂದೇ ಕರೆಯುತ್ತಿದ್ದರು. 1980ರ ದಶಕದ ಕೊನೆಯ ಮಾತು. ನಮ್ಮ ಮೊಹಲ್ಲಾದ ಮೂಲೆಯ ಕಿರಾಣಿ ಅಂಗಡಿಯ ಗೋಡೆಗೆ ಒಂದು ತಗಡಿನ ಪೆಟ್ಟಿಗೆ ಹೊಡೆದಿದ್ದರು. ಅದರೊಳಗೊಂದು ಪುಸ್ತಕ. ದಫೇದಾರ್ ಸಾಬ್ ನಡುರಾತ್ರಿ ಕಳೆದ ಮೇಲೆ ಬಂದು, ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಆ ಪುಸ್ತಕದಲ್ಲಿ ವೇಳೆ ಬರೆದು ಸಹಿ ಹಾಕಿ ಹೋಗುತ್ತಿದ್ದರು. ರಂಜಾನಿನಲ್ಲಿ ಸಹರಿಗೆ ಎಬ್ಬಿಸಲು ದಫ್ ಬಾರಿಸುತ್ತಾ ಬರುವ ಫಕೀರನೂ ಅವರೂ ನಮ್ಮ ಮನೆಯ ಜಗಲಿಯಲ್ಲಿ ಕೂತು ಚಹಾ ಕುಡಿದದ್ದನ್ನು ನಾನು ಕಂಡಿದ್ದೇನೆ.

ಉರ್ದು ಶಾಲೆಯಲ್ಲಿ ಕಲಿತು ಕನ್ನಡ ಹೈಸ್ಕೂಲಿಗೆ ಸೇರಿದ ಮೇಲೆ ನನಗೊಂದು ಚಟ ಹತ್ತಿತ್ತು. ಎರಡೂ ಭಾಷೆಗಳಲ್ಲಿ ಇರುವ ಪದಗಳನ್ನು ಹೆಕ್ಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಹಾಗೆ ‘ದಫೇದಾರ’ ಎಂಬ ಪದ ಹುಡುಕಿದಾಗ ಅಚ್ಚರಿಯಾಯಿತು. ಅದು ಪೊಲೀಸರ ಪದವೇ ಅಲ್ಲ, ಕುದುರೆ ಪಡೆಯದು. ಸವಾರರ ಒಂದು ಸಣ್ಣ ತುಕಡಿಯ ಮುಂದಾಳು ದಫೇದಾರ. ಹಳೆಯ ಮೈಸೂರು ಸೀಮೆಯಲ್ಲಿ ಹೆಡ್ ಕಾನ್‌ಸ್ಟೇಬಲ್ಲರನ್ನು ಜನ ಹಾಗೆ ಕರೆದರು. ಉತ್ತರ ಕರ್ನಾಟಕದಲ್ಲಿ ಸಬ್ ಇನ್‌ಸ್ಪೆಕ್ಟರ್ ‘ಫೌಜದಾರ’ರಾದರು. ಅದೂ ಫೌಜಿನ, ಅಂದರೆ ಸೈನ್ಯದ ಪದ. ‘ಗಸ್ತು’ ಪಾರಸಿಯ ‘ಗಶ್ತ್’, ಸುತ್ತಾಟ ಎಂದರ್ಥ. ನಮ್ಮ ದಫೇದಾರ್ ಸಾಬ್ ಮಾತ್ರ ಸವೆದ ಬೂಟು ಹಾಕಿಕೊಂಡು ನಡೆದೇ ಬರುತ್ತಿದ್ದರು. ಹಾಗಾದರೆ ಅವರ ಕುದುರೆ ಎಲ್ಲಿ ಹೋಯಿತು?

ಮೊಘಲರ ಆಡಳಿತದಲ್ಲಿ ಕಾವಲಿಗೆ ಎರಡು ಮುಖಗಳಿದ್ದವು. ಕೋಟೆಯ ಹೊರಗಿನ ಹಳ್ಳಿಗಾಡು ಮತ್ತು ಹೆದ್ದಾರಿಗಳು ಫೌಜದಾರನವು. ಅವನ ಕೈಯಲ್ಲಿ ಸವಾರರಿದ್ದರು. ದಂಗೆ ಎದ್ದವರನ್ನು, ದಾರಿ ದೋಚುವವರನ್ನು ಬೆನ್ನಟ್ಟುವುದು ಅವನ ಕೆಲಸ. ಪಟ್ಟಣದ ಒಳಗೆ ಕೊತ್ವಾಲ. ಅಬುಲ್ ಫಜಲ್ ‘ಐನ್-ಎ-ಅಕ್ಬರಿ’ಯಲ್ಲಿ ಕೊತ್ವಾಲನ ಕರ್ತವ್ಯಗಳನ್ನು ವಿವರವಾಗಿ ಬರೆದಿದ್ದಾನೆ. ಮನೆಗಳ ಮತ್ತು ಜನ ಓಡಾಡುವ ಬೀದಿಗಳ ಲೆಕ್ಕ ಇಡಬೇಕು. ಒಂದಷ್ಟು ಮನೆ ಸೇರಿಸಿ ಮೊಹಲ್ಲಾ ಮಾಡಿ ಅದಕ್ಕೊಬ್ಬ ಮುಖ್ಯಸ್ಥನನ್ನು ನೇಮಿಸಬೇಕು. ನೆರೆಹೊರೆಯವರು ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಆಗುತ್ತೇವೆಂದು ಮಾತು ಕೊಡುವಂತೆ ಮಾಡಬೇಕು. ಕಳವಾದ ಮಾಲು ಪತ್ತೆಯಾಗದಿದ್ದರೆ ನಷ್ಟಕ್ಕೆ ಕೊತ್ವಾಲನೇ ಹೊಣೆ. ಅದೇ ಪುಟಗಳಲ್ಲಿ ಗುಪ್ತಚರರನ್ನು ಇಡಬೇಕೆಂಬ ಮಾತೂ ಇದೆ. ಜನರನ್ನು ಬಲ್ಲ ಕಾವಲು ಮತ್ತು ಜನರ ಮೇಲೆ ಕಣ್ಣಿಡುವ ಕಾವಲು ಎರಡೂ ಒಂದೇ ಕೆಲಸದ ಎರಡು ಮಗ್ಗುಲು ಎಂಬುದು ಆಗಲೇ ಗೊತ್ತಿತ್ತು.

ಅಕ್ಬರನಿಗೂ ನೂರು ವರ್ಷಕ್ಕೆ ಮೊದಲು ನಮ್ಮದೇ ನಾಡಿನ ವಿಜಯನಗರದಲ್ಲಿ ಗಸ್ತು ಹೇಗಿತ್ತು ಎನ್ನುವುದಕ್ಕೂ ಪಾರಸಿ ಸಾಕ್ಷಿ ಇದೆ. ಹೆರಾತಿನ ಅಬ್ದುರ್ ರಜಾಕ್ 1443ರಲ್ಲಿ ಸುಲ್ತಾನ್ ಶಾರುಖನ ರಾಯಭಾರಿಯಾಗಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ. ಟಂಕಸಾಲೆಯ ಎದುರಿಗೆ ನಗರಾಧಿಕಾರಿಯ ಕಚೇರಿ, ಅದರ ಅಧೀನದಲ್ಲಿ 12,000 ಕಾವಲಿನವರು, ಅವರಿಗೆ ದಿನಕ್ಕೆ 12,000 ಪಣ ಸಂಬಳ, ಆ ಹಣ ಬರುವುದು ವೇಶ್ಯಾವಾಟಿಕೆಗಳ ತೆರಿಗೆಯಿಂದ ಎಂದು ಅವನು ಬರೆಯುತ್ತಾನೆ. ಏಳು ಕೋಟೆಗಳ ಒಳಗೆ ಏನು ಕಳವಾದರೂ ಈ ಕಾವಲಿನವರು ಹುಡುಕಿ ಕೊಡಬೇಕು, ಇಲ್ಲವೇ ದಂಡ ತೆರಬೇಕು. ಅಬ್ದುರ್ ರಜಾಕನ ಸಂಗಡಿಗ ಕೊಂಡಿದ್ದ ಕೆಲವು ಗುಲಾಮರು ಓಡಿಹೋದರು. ದೂರು ಹೋಯಿತು. ಬಡವರು ವಾಸಿಸುವ ಕೇರಿಯ ಕಾವಲುಗಾರರನ್ನು ಕರೆಸಿ, ಗುಲಾಮರನ್ನು ತನ್ನಿ ಇಲ್ಲವೇ ಬೆಲೆ ಕೊಡಿ ಎಂದು ಅಪ್ಪಣೆಯಾಯಿತು. ಅವರು ಬೆಲೆಯನ್ನೇ ಕೊಟ್ಟರು.

ಪ್ರವಾಸಿ ಇದನ್ನು ರಾಜ್ಯದ ಶಿಸ್ತಿಗೆ ಉದಾಹರಣೆಯಾಗಿ ಹೇಳುತ್ತಾನೆ. ಆದರೆ ನನಗೆ ಆ ಹೆಸರಿಲ್ಲದ ಕಾವಲುಗಾರರು ನೆನಪಾಗುತ್ತಾರೆ. ಅಪರಾಧ ಎಲ್ಲಿ ನಡೆದರೂ ಅನುಮಾನ ಮೊದಲು ಹೋಗುವುದು ಬಡವರ ಕೇರಿಗೆ. ದಂಡ ತೆರುವವನು ಆ ಕೇರಿಯನ್ನು ರಾತ್ರಿಯೆಲ್ಲಾ ನಡೆದು ಕಾಯುವವನು. ಕುದುರೆಯ ಮೇಲಿದ್ದವರು ದಂಡ ಕಟ್ಟಿದ ಮಾತು ಅಲ್ಲಿಲ್ಲ.

ಇನ್ನು ಮೈಸೂರಿನ ಕುದುರೆಗಳ ಕಥೆಗೆ ಬರೋಣ. ಇಲ್ಲಿ ‘ಸಿಲ್ಲೆದಾರ’ ಎಂಬ ಸವಾರರಿದ್ದರು. ಸಿಲಾಹ್ ಎಂದರೆ ಆಯುಧ. ತನ್ನದೇ ಕುದುರೆ, ತನ್ನದೇ ಆಯುಧ ತಂದು ಸಂಬಳಕ್ಕೆ ನಿಲ್ಲುವವನು ಸಿಲ್ಲೆದಾರ. ಕುದುರೆ ಸತ್ತರೆ ಅವನ ಅನ್ನವೇ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದಿವಾನ್ ಪೂರ್ಣಯ್ಯನವರು ಕಟ್ಟಿದ ಪಡೆಯಲ್ಲಿ ಟಿಪ್ಪುವಿನ ಕಾಲದ ಸವಾರರಿಗೂ ಜಾಗ ಸಿಕ್ಕಿತು. 1807ರ ಒಪ್ಪಂದದಲ್ಲಿ ಮೈಸೂರು 4,000 ಕುದುರೆಗಳ ಪಡೆ ಇಟ್ಟುಕೊಂಡಿರಬೇಕು ಎಂದು ಕಂಪನಿ ಸರ್ಕಾರ ಷರತ್ತು ಹಾಕಿತು. ಯುದ್ಧಗಳು ಮುಗಿದಂತೆ ಈ ಸಿಲ್ಲೆದಾರರು ನಿಧಾನವಾಗಿ ಪೊಲೀಸರಾದರು. 1831ರಿಂದ 1881ರವರೆಗಿನ ಕಮಿಷನರುಗಳ ಆಳ್ವಿಕೆಯಲ್ಲಿ ಅವರ ಪಾಲಿಗೆ ಬಂದದ್ದು ಹೆಚ್ಚಾಗಿ ಪೊಲೀಸ್ ಕೆಲಸವೇ. ಊರೊಳಗಿನ ಕಾವಲು ಮಾತ್ರ ಮೊದಲಿನಂತೆ ತಳವಾರ ಮತ್ತು ತೋಟಿಯರದು. ಹೆಜ್ಜೆ ಗುರುತು ಹಿಡಿದು ಕಳ್ಳನ ಜಾಡು ಹೇಳಬಲ್ಲ ಅವರಿಗೆ ಕುದುರೆ ಇರಲಿಲ್ಲ.

1892ರಲ್ಲಿ ಸಿಲ್ಲೆದಾರರಿಂದ ಆಯ್ದವರನ್ನು ಸೇರಿಸಿ ಮೈಸೂರು ಲ್ಯಾನ್ಸರ್ಸ್ ಕಟ್ಟಿದರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದ ಸವಾರರ ಜೊತೆ ಇವರು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಗೆದ್ದರು. ಸ್ವಾತಂತ್ರ್ಯ ಬಂದು ಸಂಸ್ಥಾನ ಭಾರತದಲ್ಲಿ ಸೇರಿದ ನಂತರ ರಾಜರ ಕುದುರೆ ಪಡೆಗೆ ಕೆಲಸ ಉಳಿಯಲಿಲ್ಲ. 1951ರಲ್ಲಿ ಅದರ ಸವಾರರು, ಕುದುರೆಗಳನ್ನು ಸೇರಿಸಿಕೊಂಡು ಮೈಸೂರಿನಲ್ಲಿ ಪೊಲೀಸ್ ಅಶ್ವಾರೋಹಿ ದಳ ಆರಂಭವಾಯಿತು. ಇವತ್ತು ದಸರಾ ಜಂಬೂಸವಾರಿಯಲ್ಲಿ ನಾವು ನೋಡಿ ಸಂತೋಷಪಡುವುದು ಆ ದಳವನ್ನೇ. ಅಬ್ಬಾಜಾನ್ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರು. ಎತ್ತರದಿಂದ ಎತ್ತರವನ್ನು ನೋಡಿದ್ದರಿಂದ ನನಗೆ ಭಯವಾಗಿರಲಿಲ್ಲ.

ಕುದುರೆಗೂ ಭಯಕ್ಕೂ ಇರುವ ಸಂಬಂಧ ಮಾತ್ರ ಹಳೆಯದು. ಜನಜಂಗುಳಿಯಲ್ಲಿ ಸವಾರನಿಗೆ ದೂರದವರೆಗೆ ಕಾಣುತ್ತದೆ, ದೂರದಿಂದಲೇ ಅವನೂ ಕಾಣುತ್ತಾನೆ. ಹತ್ತು ಜನ ಲಾಠಿ ಹಿಡಿದು ತಡೆಯಲಾಗದ ಗುಂಪನ್ನು ಒಂದು ಕುದುರೆ ಮೈಯಿಂದಲೇ ಸರಿಸಬಲ್ಲದು. ಕಲ್ಕತ್ತಾ ಪೊಲೀಸರ ಕುದುರೆ ದಳ 1840ರಲ್ಲಿ ಶುರುವಾದದ್ದು, ಮೈದಾನದಲ್ಲಿ ಫುಟ್‌ಬಾಲ್ ಪಂದ್ಯಗಳ ಗುಂಪನ್ನು ಕಾಯುವುದು ಅದರ ಹೆಸರುವಾಸಿ ಕೆಲಸವಾಯಿತು. ಪಳಗಿದ ಕುದುರೆ ಬಿದ್ದವನನ್ನು ತುಳಿಯದೆ ದಾಟಲು ನೋಡುತ್ತದೆ. ಕುದುರೆಯ ಮೇಲಿದ್ದವನೂ ಹಾಗೆ ಮಾಡುತ್ತಾನೆ ಎಂದು ಹೇಳಲಾಗದು.

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1819ರ ಆಗಸ್ಟ್ 16ರಂದು ಅದೇ ಆಯಿತು. ಮತದಾನದ ಹಕ್ಕು ಕೇಳಲು ಸುಮಾರು 60,000 ಜನ, ಹೆಂಗಸರು ಮಕ್ಕಳೂ ಸೇರಿ, ಸೇಂಟ್ ಪೀಟರ್ಸ್ ಮೈದಾನದಲ್ಲಿ ನೆರೆದಿದ್ದರು. ಕತ್ತಿ ಹಿರಿದ ಸವಾರರು ಅವರ ಮೇಲೆ ನುಗ್ಗಿದರು. ಹದಿನೈದು ಮಂದಿಯಾದರೂ ಸತ್ತರು, ನೂರಾರು ಜನ ಗಾಯಗೊಂಡರು. ಪೀಟರ್‌ಲೂ ಹತ್ಯಾಕಾಂಡ ಎಂದು ಅದನ್ನು ಕರೆಯುತ್ತಾರೆ. ಹತ್ತು ವರ್ಷದ ನಂತರ, 1829ರಲ್ಲಿ, ರಾಬರ್ಟ್ ಪೀಲ್ ಲಂಡನ್ನಿಗೆ ಹೊಸ ಪೊಲೀಸ್ ಪಡೆ ಕಟ್ಟಿದಾಗ ಜನರ ಈ ಕಹಿಯನ್ನು ಮರೆಯುವಂತಿರಲಿಲ್ಲ. ಸೈನ್ಯದ ಕೆಂಪು ಬೇಡವೆಂದು ನೀಲಿ ಸಮವಸ್ತ್ರ ಕೊಟ್ಟರು. ಕೈಗೆ ಕತ್ತಿಯ ಬದಲು ಮರದ ದೊಣ್ಣೆ. ಪ್ರತಿಯೊಬ್ಬನಿಗೂ ನಡೆದು ಸುತ್ತಲು ಇಷ್ಟೇ ಬೀದಿ ಎಂದು ಬೀಟು. ಪೊಲೀಸಿನವನು ಕುದುರೆಯಿಂದ ಇಳಿದು ಬೀದಿಯ ಮನುಷ್ಯನಾದದ್ದು ಹೀಗೆ. 1836ರಲ್ಲಿ ಹೆದ್ದಾರಿ ಕಾಯುತ್ತಿದ್ದ ಬೋ ಸ್ಟ್ರೀಟಿನ ಕುದುರೆ ಗಸ್ತು ಕೂಡ ಆ ಪಡೆಯೊಳಗೆ ಸೇರಿಕೊಂಡಿತಾದರೂ, ಬೀಟು ನಡೆಯುವವನೇ ಆ ಪಡೆಯ ಮುಖವಾಗಿ ಉಳಿದ.

ಆದರೆ ಇಂಗ್ಲಿಷರು ನಮಗೆ ಲಂಡನ್ನಿನ ಪೊಲೀಸನ್ನು ಕೊಡಲಿಲ್ಲ. ಕೊಟ್ಟದ್ದು ಐರ್ಲೆಂಡಿನದ್ದು. ಐರ್ಲೆಂಡ್ ಅವರು ಗೆದ್ದು ಆಳುತ್ತಿದ್ದ ನಾಡು. ಅಲ್ಲಿಯ ಪೊಲೀಸರಿಗೆ ಬಂದೂಕಿತ್ತು, ವಾಸ ಬ್ಯಾರಕ್ಕಿನಲ್ಲಿ, ಸ್ವಂತ ಜಿಲ್ಲೆಯಲ್ಲಿ ಕೆಲಸ ಇಲ್ಲ. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಆ ಮಾದರಿಯನ್ನು ಅಲ್ಲಿಗೆ ತಂದ. 1857ರ ಬಂಡಾಯದಿಂದ ಬೆದರಿದ ಸರ್ಕಾರ 1861ರ ಪೊಲೀಸ್ ಕಾಯ್ದೆ ಮಾಡಿದಾಗ ಅದರ ನೆರಳು ಭಾರತದ ಮೇಲೆಲ್ಲಾ ಬಿತ್ತು. ಬೀಟು ಬಂತು, ಆದರೆ ಅದರ ಅರ್ಥ ಬೇರೆಯಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರೆಂದು ಪಟ್ಟಿ ಮಾಡಿತು. ಅದು 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂದಾಗ ಕೊರಚ, ಕೊರಮರಂಥ ಜನ ಹಾಜರಿ ಹಾಕಬೇಕಾದವರ ಸಾಲಿಗೆ ಸೇರಿದರು. ಆ ಕಾಯ್ದೆ ಹೋದದ್ದು 1952ರಲ್ಲಿ. ಅಷ್ಟು ವರ್ಷ ಅವರ ಗುಡಿಸಲಿಗೆ ಬರುತ್ತಿದ್ದ ಗಸ್ತು ಅವರನ್ನು ಕಾಯುವುದಕ್ಕಲ್ಲ, ಎಣಿಸುವುದಕ್ಕೆ ಬರುತ್ತಿತ್ತು. ಪೊಲೀಸಿನವನು ಕಾಲ್ನಡಿಗೆಯಲ್ಲಿಯೇ ಬಂದರೂ ಅವನ ಕೆಳಗೆ ಕಾಣದ ಕುದುರೆಯೊಂದು ಇದ್ದೇ ಇತ್ತು.

ಆ ಕಾಣದ ಕುದುರೆಯನ್ನು ನಾನು ಕಾಲೇಜಿನ ದಿನಗಳಲ್ಲಿ ಕಂಡೆ. ನಮ್ಮೂರಿನಲ್ಲಿ ಗಲಭೆಯಾಗಿ ಕರ್ಫ್ಯೂ ಹಾಕಿದ್ದರು. ಹಳೆಯ ದಫೇದಾರ್ ಸಾಬ್‌ಗೆ ಅದಕ್ಕೂ ಮೊದಲೇ ವರ್ಗವಾಗಿತ್ತು. ಬಂದದ್ದು ಕಿಟಕಿಗೆ ಜಾಲರಿ ಹೊಡೆದ ವ್ಯಾನು. ಒಳಗಿದ್ದವರಿಗೆ ನಮ್ಮ ಗುರುತಿಲ್ಲ, ನಮಗೂ ಅವರ ಗುರುತಿಲ್ಲ. ಅವರೂ ಎರಡು ದಿನ ನಿದ್ದೆಗೆಟ್ಟಿದ್ದರು ಎಂದು ಈಗ ಅನಿಸುತ್ತದೆ. ಮನೆಯ ಗಂಡಸರ ಹೆಸರು, ವಯಸ್ಸು ಬರೆದುಕೊಂಡರು. ದಾದಿ ಅಭ್ಯಾಸದಂತೆ ಚಹಾದ ಲೋಟ ಹಿಡಿದು ಬಾಗಿಲಿಗೆ ಬಂದರು. ವ್ಯಾನು ಮುಂದೆ ಹೋಗಿತ್ತು. “ಇವರಿಗೆ ನಮ್ಮ ಹೆಸರು ಬೇಕು, ನಾವು ಬೇಡ” ಎಂದರು ದಾದಿ ದಖನಿಯಲ್ಲಿ. ಆಮೇಲೆ ಆ ಮಾತನ್ನು ಅವರು ಎತ್ತಲಿಲ್ಲ.

ಅಂದಿನಿಂದ ಗಸ್ತಿನ ರೂಪ ಬಹಳ ಬದಲಾಗಿದೆ. ಬೆಂಗಳೂರಿನಲ್ಲಿ ‘ಹೊಯ್ಸಳ’ ವಾಹನಗಳು, ಬೈಕಿನ ಮೇಲೆ ‘ಚೀತಾ’ ಪಡೆ. 112ಕ್ಕೆ ಫೋನ್ ಮಾಡಿದರೆ ಬರುತ್ತಾರೆ. ಆಪತ್ತಿನಲ್ಲಿರುವ ಹೆಂಗಸಿಗೆ ವೇಗವೇ ಪ್ರಾಣ, ಅದನ್ನು ಹಗುರ ಮಾಡಿ ಮಾತಾಡಬಾರದು. ಆದರೆ ವೇಗದಲ್ಲಿ ಹೋಗುವವನಿಗೆ ಮುಖಗಳು ಕಾಣುವುದಿಲ್ಲ. ಇದು ಇಲಾಖೆಗೂ ತಿಳಿದಿರಬೇಕು. 2017ರಲ್ಲಿ ಕರ್ನಾಟಕದಲ್ಲಿ ಹೊಸ ಬೀಟ್ ವ್ಯವಸ್ಥೆ ತಂದು ಒಬ್ಬೊಬ್ಬ ಪೊಲೀಸಿನವರಿಗೂ ಒಂದೊಂದು ಬೀಟು ಒಪ್ಪಿಸಿದರು, ನಾಗರಿಕರನ್ನೂ ಅದರಲ್ಲಿ ಸೇರಿಸಿಕೊಂಡರು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಎಂದು ಬಾಗಿಲಿಗೇ ಬಂದು ಅಹವಾಲು ಕೇಳುವ ಯೋಜನೆ ಆರಂಭವಾಯಿತು. ಕೊತ್ವಾಲನ ಮೊಹಲ್ಲಾ ಲೆಕ್ಕದ ನೆನಪಾಗುತ್ತದಲ್ಲವೇ? ಒಳ್ಳೆಯದೇ. ಬಾಗಿಲಿಗೆ ಬಂದವರು ಏನು ಕೇಳುತ್ತಾರೆ, ಎಲ್ಲ ಕೇರಿಗಳಲ್ಲೂ ಅದೇ ಪ್ರಶ್ನೆ ಕೇಳುತ್ತಾರೆಯೇ ಎಂಬುದರ ಮೇಲೆ ಅದರ ಭವಿಷ್ಯ ನಿಂತಿದೆ.

ಬಾಲ್ಯದಲ್ಲಿ ಕೇಳಿದ ಒಂದು ಕಥೆ ಇದೆ. ಖಲೀಫಾ ಹಜರತ್ ಉಮರ್ ರಾತ್ರಿ ಮದೀನಾದ ಸುತ್ತ ನಡೆಯುತ್ತಿದ್ದಾಗ ಮಕ್ಕಳು ಅಳುವುದು ಕೇಳಿಸಿತು. ತಾಯಿಯೊಬ್ಬಳು ಹಸಿದ ಮಕ್ಕಳನ್ನು ಸಮಾಧಾನ ಮಾಡಲು ಬರೀ ನೀರಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಕುದಿಸುತ್ತಿದ್ದಳು. ಉಮರ್ ಹಿಂದಿರುಗಿ ಹಿಟ್ಟಿನ ಮೂಟೆಯನ್ನು ತಾವೇ ಹೊತ್ತು ತಂದರು. ಆ ಅಳು ಅವರ ಕಿವಿಗೆ ಬಿದ್ದದ್ದು ನಡೆದು ಹೋದದ್ದರಿಂದ.

ಹೋದ ವರ್ಷ ಹಳೆಯ ಮೊಹಲ್ಲಾಕ್ಕೆ ಹೋಗಿದ್ದೆ. ಕಿರಾಣಿ ಅಂಗಡಿ ಈಗ ಮೊಬೈಲ್ ಅಂಗಡಿ. ತುಕ್ಕು ಹಿಡಿದ ತಗಡಿನ ಪೆಟ್ಟಿಗೆ ಇನ್ನೂ ಗೋಡೆಯಲ್ಲಿದೆ, ಒಳಗೆ ಪುಸ್ತಕವಿಲ್ಲ. ಈಗೆಲ್ಲಾ ಮೊಬೈಲಿನಲ್ಲೇ ಹಾಜರಿ ಎಂದ ಅಂಗಡಿಯ ಹುಡುಗ. “ರಾತ್ರಿ ಯಾರು ಬರ್ತಾರೆ, ಹೆಸರು ಗೊತ್ತಾ?” ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಇಲ್ಲ ಎಂದು ತಲೆಯಾಡಿಸಿದ. ಬರುವವರಿಗೆ ಇವನ ಹೆಸರು ಗೊತ್ತಿರಬಹುದು. ಅದು ಯಾವ ಪಟ್ಟಿಯಲ್ಲಿದೆ ಎಂಬುದೇ ನನ್ನ ಚಿಂತೆ.