ಬೀದಿ ಎಲ್ಲರದು, ಕುರ್ಚಿ ಯಾರದು?

ಪೇಟೆ ಬೀದಿ ಅಂದ್ರೆ ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ, ಫುಟ್‌ಪಾತಿನಲ್ಲಿ ಹೂವು-ಸೊಪ್ಪು ಮಾರುವವರು, ಮೂಲೆಯಲ್ಲಿ ಆಟೋ ಸ್ಟ್ಯಾಂಡ್. ಇಷ್ಟೂ ಜನಕ್ಕೆ ಇರೋದು ಒಂದೇ ಬೀದಿ. ಅದರ ಕಸ, ದೀಪ, ಪಾರ್ಕಿಂಗ್, ಶೌಚಾಲಯದ ಬಗ್ಗೆ ತೀರ್ಮಾನ ಮಾಡೋದು ಯಾರು? ಪಾಲಿಕೆ ಅನ್ನೋದು ಪಠ್ಯಪುಸ್ತಕದ ಉತ್ತರ. ಪಾಲಿಕೆ ಮೇಲೆ ನಂಬಿಕೆ ಕಳೆದುಕೊಂಡವರ ಉತ್ತರ ಬೇರೆ: "ಸರ್ಕಾರದ ಕೈಲಿ ಆಗಲ್ಲ, ಆಯಾ ಬೀದಿಯ ವ್ಯಾಪಾರಿಗಳಿಗೇ ವಹಿಸಿಬಿಡಿ." ಬೆಂಗಳೂರಿನ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಈ ಮಾತನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಹಾಗೆ ವಹಿಸಿಕೊಡೋಕೆ ಜಗತ್ತಿನ ಹಲವು ನಗರಗಳಲ್ಲಿ ಕಾನೂನೇ ಇದೆ. ಅದು ಹೇಗೆ ಕೆಲಸ ಮಾಡುತ್ತೆ, ಎಲ್ಲಿ ಎಡವಿದೆ, ನಮ್ಮಲ್ಲಿ ಈಗಾಗಲೇ ಏನಿದೆ ಅನ್ನೋದನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಏನಿದು ಬಿಐಡಿ?

ಪೂರ್ತಿ ಹೆಸರು ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್. ಇಂಥ ಮೊದಲ ವಲಯ ಶುರುವಾಗಿದ್ದು 1970ರಲ್ಲಿ, ಕೆನಡಾದ ಟೊರಾಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್‌ನಲ್ಲಿ. ಹೊಸ ಮಾಲ್‌ಗಳು ಅಲ್ಲಿನ ಗಿರಾಕಿಗಳನ್ನು ಸೆಳೆದುಕೊಂಡಿದ್ದವು. ಟ್ರಾಮ್‌ನಲ್ಲಿ ಕೂತು ಅಂಗಡಿ ಸಾಲು ನೋಡಿಕೊಂಡು ಹೋಗುತ್ತಿದ್ದ ಜನ, ಸುರಂಗ ರೈಲು ಬಂದ ಮೇಲೆ ನೆಲದಡಿಯಲ್ಲೇ ಓಡಾಡತೊಡಗಿದರು. ಬೀದಿಯನ್ನು ಮತ್ತೆ ಚೆಂದ ಮಾಡೋಕೆ ದುಡ್ಡು ಬೇಕಿತ್ತು. ಆದರೆ ಚಂದಾ ಎತ್ತುವುದರ ಕಷ್ಟ ಗಣೇಶನ ಹಬ್ಬ ಮಾಡಿದವರಿಗೆಲ್ಲ ಗೊತ್ತು: ಕೆಲವರು ಕೊಡ್ತಾರೆ, ಕೆಲವರು ಕೊಡಲ್ಲ. ದೀಪ ಹಾಕಿದ ಮೇಲೆ ಬೆಳಕು ಮಾತ್ರ ಕೊಡದವನ ಅಂಗಡಿ ಮುಂದೆಯೂ ಬೀಳುತ್ತೆ. ಹಾಗಾಗಿ ಗಡಿಯೊಳಗಿನ ಎಲ್ಲರೂ ಕೊಡಲೇಬೇಕು ಅನ್ನೋ ಕಾನೂನು ಬಂತು.

ಸೂತ್ರ ಇವತ್ತಿಗೂ ಅದೇ. ನಕ್ಷೆಯಲ್ಲಿ ಒಂದು ಗಡಿ ಹಾಕ್ತಾರೆ. ಒಳಗಿನ ಆಸ್ತಿ ಅಥವಾ ವ್ಯಾಪಾರದ ಮೇಲೆ ಮಾಮೂಲಿ ತೆರಿಗೆಯ ಜೊತೆಗೆ ಹೆಚ್ಚುವರಿ ಕರ ಬೀಳುತ್ತೆ. ಸ್ಥಳೀಯ ಆಡಳಿತ ಅದನ್ನು ವಸೂಲಿ ಮಾಡಿ ಬಿಐಡಿಯ ಮಂಡಳಿಗೆ ಕೊಡುತ್ತೆ. ಮಂಡಳಿ ಆ ಹಣವನ್ನು ಅದೇ ಗಡಿಯೊಳಗೆ ಸ್ವಚ್ಛತೆ, ಕಾವಲು, ಗಿಡ, ಬೆಂಚು, ಉತ್ಸವಕ್ಕೆ ಖರ್ಚು ಮಾಡುತ್ತೆ.

ಲಾಭ ಇದೆಯಾ?

ಇದೆ. ನ್ಯೂಯಾರ್ಕ್‌ನಲ್ಲಿ ಮೊದಲ ಬಿಐಡಿ ಬಂದಿದ್ದು 1984ರಲ್ಲಿ, ಯೂನಿಯನ್ ಸ್ಕ್ವೇರ್‌ನ ಸುತ್ತ. ಈಗ ಆ ಒಂದೇ ನಗರದಲ್ಲಿ 70ಕ್ಕೂ ಹೆಚ್ಚಿವೆ. ಒಂದು ಕಾಲಕ್ಕೆ ಮಾದಕವಸ್ತು ಮಾರಾಟಕ್ಕೆ ಕುಖ್ಯಾತವಾಗಿದ್ದ ಬ್ರಯಂಟ್ ಪಾರ್ಕ್ 1992ರಲ್ಲಿ ಮತ್ತೆ ತೆರೆದಾಗ, ಬಂದವರು ತಮಗೆ ಬೇಕಾದ ಕಡೆ ಎಳೆದುಕೊಂಡು ಕೂರಬಹುದಾದ ಕುರ್ಚಿಗಳು ಅಲ್ಲಿದ್ದವು. ಈಗಲೂ ಇವೆ. ದಿನನಿತ್ಯದ ನಿರ್ವಹಣೆಗೆ ದುಡ್ಡು ಮತ್ತು ಜವಾಬ್ದಾರಿ ಎರಡೂ ಒಂದೇ ಕಡೆ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಇದು ಒಳ್ಳೆಯ ಉದಾಹರಣೆ.

ನಮ್ಮಲ್ಲಿ ಕೊರತೆ ಇರೋದು ಇಲ್ಲೇ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ಗೆ 2018ರಲ್ಲಿ ಹೊಸ ಕಲ್ಲುಹಾಸು ಬಂತು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಅಲ್ಲಿ ವಾಹನ ನಿಲ್ಲಿಸಿ ಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಟ್ಟಿದ್ದೂ ಆಯ್ತು. ಆದರೆ ಕಲ್ಲು ಹಾಸಿದಷ್ಟು ಉತ್ಸಾಹ ಕಿತ್ತುಬಂದ ಕಲ್ಲನ್ನು ಕೂರಿಸುವಾಗ ಇರಲಿಲ್ಲ. ಉದ್ಘಾಟನೆಗೆ ಬಜೆಟ್ ಸಿಗುತ್ತೆ, ನಿರ್ವಹಣೆಗೆ ಸಿಗಲ್ಲ.

ಹಾಗಾದರೆ ತೊಂದರೆ ಏನು?

ದುಡ್ಡು ಕೊಟ್ಟವರಿಗೇ ಮತ ಅನ್ನೋ ತತ್ವ. ಇಂಗ್ಲೆಂಡ್‌ನಲ್ಲಿ 2003ರ ಕಾನೂನಿನ ಪ್ರಕಾರ ಬಿಐಡಿ ಬೇಕೋ ಬೇಡವೋ ಅಂತ ಮತದಾನ ಆಗಬೇಕು. ಮತ ಹಾಕಿದವರ ತಲೆಎಣಿಕೆಯಲ್ಲೂ ಬಹುಮತ ಬೇಕು, ಅವರ ಆಸ್ತಿಯ ತೆರಿಗೆ ಮೌಲ್ಯದಲ್ಲೂ ಬಹುಮತ ಬೇಕು. ಐದು ವರ್ಷಕ್ಕೊಮ್ಮೆ ಮತ್ತೆ ಮತ ಕೇಳಬೇಕು. ವ್ಯವಸ್ಥೆ ಅಚ್ಚುಕಟ್ಟಾಗಿದೆ. ಆದರೆ ಮತ ಇರೋದು ಕರ ಕಟ್ಟುವ ವ್ಯಾಪಾರಗಳಿಗೆ. ಅಂಗಡಿ ಮೇಲಿನ ಮನೆಯಲ್ಲಿ ಇರುವವರಿಗೆ ಇಲ್ಲ.

ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ಬಿಐಡಿಯಲ್ಲಿ ಇದೇ ಪ್ರಶ್ನೆ ಕೋರ್ಟ್ ಹತ್ತಿತು. ಮಂಡಳಿಯಲ್ಲಿ ಆಸ್ತಿ ಮಾಲೀಕರಿಗೆ ಬಹುಮತ ಕಾಯ್ದಿಟ್ಟಿರೋದು ಒಬ್ಬರಿಗೆ ಒಂದು ಮತ ಅನ್ನೋ ತತ್ವಕ್ಕೆ ವಿರುದ್ಧ ಅಂತ ನಿವಾಸಿಗಳು ವಾದಿಸಿದರು. ಬಿಐಡಿಗಿರುವ ಅಧಿಕಾರ ಸೀಮಿತ, ಅದು ಸರ್ಕಾರ ಅಲ್ಲ, ಹಾಗಾಗಿ ಆ ತತ್ವ ಇಲ್ಲಿ ಅನ್ವಯಿಸಲ್ಲ ಅಂತ 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಅದೇ ವರ್ಷ ಅದೇ ಬಿಐಡಿ ಮೇಲೆ ಇನ್ನೊಂದು ತೀರ್ಪು ಬಂತು. ಸೂರಿಲ್ಲದ ಬಡವರನ್ನು "ತರಬೇತಿ" ಹೆಸರಿನಲ್ಲಿ ಗಂಟೆಗೆ ಒಂದು, ಒಂದೂವರೆ ಡಾಲರ್‌ಗೆ ದುಡಿಸಿಕೊಳ್ಳಲಾಗಿತ್ತು. ಅವರು ಕಾರ್ಮಿಕರೇ, ಕನಿಷ್ಠ ವೇತನ ಕೊಡಲೇಬೇಕು ಅಂತ ತೀರ್ಪಿತ್ತವರು ಸೋನಿಯಾ ಸೊಟೊಮೇಯರ್. ಮುಂದೆ ಅವರು ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಥಳಥಳ ಹೊಳೆಯುವ ಬೀದಿಯನ್ನು ಯಾರು, ಎಷ್ಟು ಕೂಲಿಗೆ ಗುಡಿಸ್ತಾರೆ ಅನ್ನೋದನ್ನೂ ಕೇಳಬೇಕು ಅಂತ ನಾನು ಹೇಳೋದು ಇದಕ್ಕೇ.

ಕರ್ನಾಟಕದಲ್ಲಿ ಏನಿದೆ?

ಇಂಥದ್ದೇ ದಾರಿಯಲ್ಲಿ ಬಿಐಡಿಗಿಂತ ಮುಂದೆ ಹೋದ ಒಂದು ವ್ಯವಸ್ಥೆ ಇದೆ. ಸಂವಿಧಾನದ 243ಕ್ಯೂ ವಿಧಿಯ ಒಂದು ವಿನಾಯಿತಿ ಹೀಗಿದೆ: ಕೈಗಾರಿಕೆಗಳೇ ನಾಗರಿಕ ಸೌಲಭ್ಯ ಕೊಡುತ್ತಿರುವ ಪ್ರದೇಶವನ್ನು ಕೈಗಾರಿಕಾ ಟೌನ್‌ಶಿಪ್ ಅಂತ ಘೋಷಿಸಬಹುದು, ಅಲ್ಲಿ ಪುರಸಭೆ ರಚಿಸಬೇಕಿಲ್ಲ. ಎಲೆಕ್ಟ್ರಾನಿಕ್ಸ್ ಸಿಟಿ 2013ರಲ್ಲಿ ಹೀಗೆ ಟೌನ್‌ಶಿಪ್ ಆಯಿತು. ಆಸ್ತಿ ತೆರಿಗೆಯನ್ನು ಅದರ ಪ್ರಾಧಿಕಾರವೇ ವಸೂಲಿ ಮಾಡುತ್ತೆ. ಅದನ್ನು ನಡೆಸುವವರು ಉದ್ಯಮದ ಪ್ರತಿನಿಧಿಗಳು ಮತ್ತು ಅಧಿಕಾರಿಗಳು. ರಸ್ತೆ ಚೆನ್ನಾಗಿದೆ, ಒಪ್ಪಿಕೊಳ್ಳೋಣ. ಆದರೆ ಕಾರ್ಖಾನೆ-ಕಚೇರಿಗಳೇ ತುಂಬಿರುವ ಜಾಗದ ಮಾದರಿಯನ್ನು ಗಾಂಧಿ ಬಜಾರ್‌ಗೋ ಚಿಕ್ಕಪೇಟೆಗೋ ತಂದರೆ, ಅಲ್ಲಿ ಬಾಳುವ, ಬೀದಿಯಲ್ಲೇ ದುಡಿಯುವ ಸಾವಿರಾರು ಜನ ಲೆಕ್ಕಕ್ಕೇ ಬರಲ್ಲ.

ಅವರನ್ನೂ ಲೆಕ್ಕಕ್ಕೆ ತಗೊಳ್ಳುವ ಎರಡು ಸಭೆಗಳು ನಮ್ಮ ಕಾನೂನಿನಲ್ಲೇ ಇವೆ.

ಒಂದು, ವಾರ್ಡ್ ಸಮಿತಿ. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಇದನ್ನು ರಚಿಸಬೇಕು ಅಂತ 1993ರಿಂದ ಸಂವಿಧಾನದಲ್ಲೇ (243ಎಸ್ ವಿಧಿ) ಇದೆ.

ಎರಡು, 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಬರುವ ಪಟ್ಟಣ ವ್ಯಾಪಾರ ಸಮಿತಿ. ಇದರಲ್ಲಿ ಕನಿಷ್ಠ 40% ಸದಸ್ಯರು ಬೀದಿ ವ್ಯಾಪಾರಿಗಳೇ ಚುನಾಯಿಸಿದ ಪ್ರತಿನಿಧಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಅಂಗಡಿ ವ್ಯಾಪಾರಿಗಳ ಸಂಘ, ನಿವಾಸಿಗಳ ಸಂಘಗಳಿಗೂ ಜಾಗ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ.

ಕಾಗದದ ಮೇಲೆ ಇದು ನ್ಯೂಯಾರ್ಕ್‌ಗಿಂತ ಒಳ್ಳೆಯ ಮಂಡಳಿ. ಜಾರಿಯ ಕಥೆ ಬೇರೆ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದಿದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಆ ಕೌನ್ಸಿಲ್ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬರುವ ಹೊತ್ತಿಗೆ, ನಗರ ಐದು ವರ್ಷ ಕಾರ್ಪೊರೇಟರ್‌ಗಳಿಲ್ಲದೆ ಕಳೆದಿತ್ತು. ಕಾರ್ಪೊರೇಟರ್ ಅಧ್ಯಕ್ಷತೆಯಲ್ಲಿ ನಡೆಯಬೇಕಾದ ವಾರ್ಡ್ ಸಮಿತಿಗೆ ಇನ್ನೆಲ್ಲಿಯ ಬಲ?

ನಿಮ್ಮ ಬೀದಿಗೆ ಯೋಜನೆ ಬಂದರೆ ಏನು ಕೇಳಬೇಕು?

ಗಡಿ ಎಲ್ಲಿಂದ ಎಲ್ಲಿಗೆ, ಗೆರೆ ಎಳೆದವರು ಯಾರು? ದುಡ್ಡು ಯಾರದು, ಲೆಕ್ಕ ಎಲ್ಲಿ ಸಿಗುತ್ತೆ? ಬಾಡಿಗೆದಾರರಿಗೆ, ಬೀದಿ ವ್ಯಾಪಾರಿಗಳಿಗೆ, ಪೌರಕಾರ್ಮಿಕರಿಗೆ ಸಭೆಯಲ್ಲಿ ಜಾಗ ಇದೆಯಾ? ಬೀದಿ ಸುಧಾರಿಸಿದ ಮೇಲೆ ಬಾಡಿಗೆ ಏರಿದರೆ ಹಳೆಯ ಸಣ್ಣ ಅಂಗಡಿ ಉಳಿಯುತ್ತಾ? ಐದು ವರ್ಷದ ನಂತರ ಬೇಡ ಅನ್ನಿಸಿದರೆ ಬೇಡ ಅನ್ನೋಕೆ ದಾರಿ ಇದೆಯಾ?

ವ್ಯಾಪಾರಿಗಳಿಂದ ಹೆಚ್ಚುವರಿ ಕರ ಪಡೆದು ಅದೇ ಬೀದಿಗೆ ಖರ್ಚು ಮಾಡೋದಕ್ಕೆ ನನ್ನ ವಿರೋಧ ಇಲ್ಲ. ಆದರೆ ಆ ಹಣ ವಾರ್ಡ್ ಸಮಿತಿಯ ಕಣ್ಣೆದುರು ಖರ್ಚಾಗಲಿ, ಬೀದಿ ವ್ಯಾಪಾರದ ತೀರ್ಮಾನ ಪಟ್ಟಣ ವ್ಯಾಪಾರ ಸಮಿತಿಯಲ್ಲೇ ಆಗಲಿ. ಹೊಸ ಮಂಡಳಿ ಕಟ್ಟೋ ಮೊದಲು ಇರುವ ಖಾಲಿ ಕುರ್ಚಿಗಳು ತುಂಬಲಿ. ನಿಮ್ಮ ವಾರ್ಡ್ ಸಮಿತಿ ಕೊನೆಯ ಸಲ ಯಾವಾಗ ಸೇರಿತ್ತು, ಅದರ ನಡಾವಳಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ ಬರೀ ಹತ್ತು ರೂಪಾಯಿ.