ಜಿಪಿಐಬಿ ಇಂಟರ್‌ಫೇಸ್ ಕಾರ್ಡ್

ಜಿಪಿಐಬಿ ಇಂಟರ್‌ಫೇಸ್ ಕಾರ್ಡ್ ಎಂಬುದು ಮಲ್ಟಿಮೀಟರ್, ಆಸಿಲೋಸ್ಕೋಪ್, ಸಿಗ್ನಲ್ ಜನರೇಟರ್, ಸ್ಪೆಕ್ಟ್ರಮ್ ಅನಲೈಸರ್ ಮೊದಲಾದ ಎಲೆಕ್ಟ್ರಾನಿಕ್ ಪರೀಕ್ಷಾ ಉಪಕರಣಗಳನ್ನು ಗಣಕಯಂತ್ರಕ್ಕೆ ಜೋಡಿಸುವ ಯಂತ್ರಾಂಶವಾಗಿದೆ. 1970 ಮತ್ತು 1980ರ ದಶಕಗಳಲ್ಲಿ ತಯಾರಾದ ಪ್ರಯೋಗಾಲಯ ದರ್ಜೆಯ ಅನೇಕ ಉಪಕರಣಗಳಲ್ಲಿ ಯುಎಸ್‌ಬಿ ಅಥವಾ ಈಥರ್ನೆಟ್ ಸೌಲಭ್ಯವಿಲ್ಲ. ಹಿಂಬದಿಯ 24 ಪಿನ್‌ಗಳ ಕನೆಕ್ಟರ್ ಮಾತ್ರವೇ ಗಣಕಯಂತ್ರದೊಡನೆ ಅವುಗಳಿಗಿರುವ ಸಂಪರ್ಕ. ಆದುದರಿಂದ ಇಂತಹ ಉಪಕರಣದ ಮುಂದಿನ ಉಪಯುಕ್ತತೆಯು ಸರಿಯಾದ ಕಾರ್ಡ್‌ನ ಆಯ್ಕೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಇತಿಹಾಸ

ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯು 1960ರ ದಶಕದ ಉತ್ತರಾರ್ಧದಲ್ಲಿ ತನ್ನ ಉಪಕರಣಗಳಿಗಾಗಿ ಎಚ್‌ಪಿ-ಐಬಿ ಎಂಬ ಸಂಪರ್ಕ ವ್ಯವಸ್ಥೆಯನ್ನು ರೂಪಿಸಿತು. ಇದು 1975ರಲ್ಲಿ ಐಇಇಇ 488 ಎಂಬ ಮಾನಕವಾಯಿತು. 1987ರಲ್ಲಿ ಮಾನಕವನ್ನು ಎರಡು ಭಾಗಗಳಾಗಿ ವಿಂಗಡಿಸಲಾಯಿತು: ವಿದ್ಯುತ್ ಮತ್ತು ಯಾಂತ್ರಿಕ ನಿಯಮಗಳು 488.1ರಲ್ಲಿಯೂ, ಸಾಮಾನ್ಯ ಆದೇಶಗಳು ಹಾಗೂ ದತ್ತಾಂಶದ ಸ್ವರೂಪಗಳು 488.2ರಲ್ಲಿಯೂ ಸೇರಿದವು. 1990ರಲ್ಲಿ ಎಸ್‌ಸಿಪಿಐ ಎಂಬ ಏಕರೂಪದ ಆದೇಶಭಾಷೆ ಬಂದಿತು. ಇವುಗಳಿಗಿಂತ ಹಿಂದಿನ ಉಪಕರಣಗಳು ತಮ್ಮ ತಯಾರಕರು ನಿಗದಿಪಡಿಸಿದ ಆದೇಶಗಳನ್ನಷ್ಟೇ ಅರಿಯುತ್ತವೆ. ಉಪಕರಣದ ಹೆಸರನ್ನು ಕೇಳುವ ಸಾಮಾನ್ಯ ಆದೇಶಕ್ಕೆ ಅವು ಉತ್ತರಿಸದಿದ್ದರೆ ಕಾರ್ಡ್ ಕೆಟ್ಟಿದೆ ಎಂದು ಭಾವಿಸಬೇಕಿಲ್ಲ.

ಕಾರ್ಯವಿಧಾನ

ಈ ವ್ಯವಸ್ಥೆಯಲ್ಲಿ 16 ಸಂಕೇತ ತಂತಿಗಳಿವೆ: ದತ್ತಾಂಶಕ್ಕೆ 8, ಪರಸ್ಪರ ಒಪ್ಪಿಗೆಗೆ 3, ನಿರ್ವಹಣೆಗೆ 5. ಕೇಳುತ್ತಿರುವ ಎಲ್ಲ ಉಪಕರಣಗಳೂ ಒಂದು ಬೈಟ್ ಅನ್ನು ಸ್ವೀಕರಿಸಿದ ಮೇಲೆಯೇ ಮುಂದಿನದನ್ನು ಕಳುಹಿಸಲಾಗುತ್ತದೆ. ಹೀಗಾಗಿ ಅತ್ಯಂತ ನಿಧಾನವಾದ ಉಪಕರಣವೇ ವೇಗವನ್ನು ನಿರ್ಧರಿಸುತ್ತದೆ. ಹಳೆಯ ಮಾಪಕವು ಹೊಸ ಕಾರ್ಡ್‌ನೊಡನೆ ಹೊಂದಿಕೊಂಡು ನಡೆಯುವುದಕ್ಕೆ ಇದೇ ಕಾರಣ. ಕಾರ್ಡನ್ನೂ ಒಳಗೊಂಡು ಒಂದು ಜಾಲದಲ್ಲಿ 15 ಸಾಧನಗಳಿರಬಹುದು. ಕೇಬಲ್‌ನ ಒಟ್ಟು ಉದ್ದವು ಸಾಧನವೊಂದಕ್ಕೆ 2 ಮೀಟರಿನಂತೆ, ಗರಿಷ್ಠ 20 ಮೀಟರ್ ಇರಬಹುದು. ಪ್ರತಿ ಉಪಕರಣಕ್ಕೂ 0ಯಿಂದ 30ರವರೆಗಿನ ಬೇರೆ ಬೇರೆ ವಿಳಾಸ ಸಂಖ್ಯೆ ಬೇಕು. ಹಳೆಯ ಉಪಕರಣಗಳಲ್ಲಿ ಇದನ್ನು ಸಾಮಾನ್ಯವಾಗಿ ಹಿಂಬದಿಯ ಸಣ್ಣ ಸ್ವಿಚ್ಚುಗಳಿಂದ ಹೊಂದಿಸುತ್ತಾರೆ.

ವಿಧಗಳು

* ಐಎಸ್‌ಎ ಕಾರ್ಡ್: 1980 ಮತ್ತು 1990ರ ದಶಕಗಳ ಗಣಕಯಂತ್ರಗಳಿಗೆ ಸೇರಿದುದು. ಇಂದಿನ ಮದರ್‌ಬೋರ್ಡ್‌ಗಳಲ್ಲಿ ಇದರ ಸ್ಲಾಟ್ ಸಾಮಾನ್ಯವಾಗಿ ಇರುವುದಿಲ್ಲ. ಡಾಸ್‌ನಲ್ಲಿ ನಡೆಯುವ ಹಳೆಯ ತಂತ್ರಾಂಶವನ್ನು ಉಳಿಸಿಕೊಳ್ಳಬೇಕಾದಾಗ ಮಾತ್ರ ಇದು ಸೂಕ್ತ.
* ಪಿಸಿಐ ಕಾರ್ಡ್: ಬಳಸಿದ ಸರಕಿನ ಮಾರುಕಟ್ಟೆಯಲ್ಲಿ ದೊರೆಯುತ್ತದೆ. 5 ವೋಲ್ಟ್ ಮತ್ತು 3.3 ವೋಲ್ಟ್ ಸ್ಲಾಟ್‌ಗಳ ಕಚ್ಚುಗಳು ಬೇರೆಯಾಗಿರುವುದರಿಂದ ಕೊಳ್ಳುವ ಮುನ್ನ ಹೋಲಿಸಿ ನೋಡಬೇಕು.
* ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್: ಈಗಿನ ಮೇಜಿನ ಗಣಕಯಂತ್ರಗಳಿಗೆ ಹೊಂದುತ್ತದೆ.
* ಯುಎಸ್‌ಬಿ ಅಡಾಪ್ಟರ್: ಲ್ಯಾಪ್‌ಟಾಪ್‌ಗೂ ಜೋಡಿಸಬಹುದು. ಗಣಕಯಂತ್ರವನ್ನು ಬಿಚ್ಚಬೇಕಾಗಿಲ್ಲ.
* ಈಥರ್ನೆಟ್ ಅಡಾಪ್ಟರ್: ಉಪಕರಣವು ಬೇರೆ ಕೊಠಡಿಯಲ್ಲಿದ್ದಾಗ ಅನುಕೂಲ.

ಆಯ್ಕೆಯ ಮಾನದಂಡಗಳು

ಮೊದಲು ಉಪಕರಣವನ್ನು, ಬಳಿಕ ತಂತ್ರಾಂಶವನ್ನು, ಕೊನೆಯಲ್ಲಿ ಕಾರ್ಡನ್ನು ಪರಿಶೀಲಿಸುವುದು ಉಚಿತವಾದ ಕ್ರಮ. ಹಳೆಯ ಮಾಪಕಗಳು ನಿಧಾನವಾಗಿ ಉತ್ತರಿಸುವುದರಿಂದ ಕಾರ್ಡ್‌ನ ಗರಿಷ್ಠ ವೇಗಕ್ಕಾಗಿ ಹೆಚ್ಚು ಹಣ ತೆರುವುದರಿಂದ ಪ್ರಯೋಜನವಿಲ್ಲ.

ಕನೆಕ್ಟರ್: ಯುರೋಪಿನ ಕೆಲವು ಹಳೆಯ ಉಪಕರಣಗಳಲ್ಲಿ ಐಇಸಿ 625 ಮಾನಕದ 25 ಪಿನ್‌ಗಳ ಕನೆಕ್ಟರ್ ಇರುತ್ತದೆ. ನೋಟಕ್ಕೆ ಅದು ಸೀರಿಯಲ್ ಪೋರ್ಟಿನಂತಿದ್ದರೂ ಬೇರೆಯದು. ಎರಡನ್ನೂ ನೇರವಾಗಿ ಜೋಡಿಸಬಾರದು. ಕೇಬಲ್‌ನ ತಿರುಪುಗಳಲ್ಲಿಯೂ ಭೇದವಿದೆ: ಕಪ್ಪು ಬಣ್ಣದವು ಮೆಟ್ರಿಕ್ ಅಳತೆಯವು, ಬೆಳ್ಳಿಬಣ್ಣದವು ಇಂಚಿನ ಅಳತೆಯವು. ಒಂದನ್ನು ಮತ್ತೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಮರೆಗಳು ಕೆಡುತ್ತವೆ.

ಚಾಲಕ ತಂತ್ರಾಂಶ: ಬಳಸಬೇಕಾದ ಪ್ರೋಗ್ರಾಮ್ ಎನ್‌ಐ-488.2, ವೀಸಾ ಅಥವಾ ಲಿನಕ್ಸ್-ಜಿಪಿಐಬಿ ಇವುಗಳಲ್ಲಿ ಯಾವುದನ್ನು ಅಪೇಕ್ಷಿಸುತ್ತದೆ, ಮತ್ತು ಆ ಕಾರ್ಡ್‌ಗೆ 64 ಬಿಟ್ ಚಾಲಕವಿದೆಯೇ ಎಂಬುದನ್ನು ಮೊದಲೇ ತಿಳಿಯಬೇಕು. ಯಂತ್ರಾಂಶ ಸುಸ್ಥಿತಿಯಲ್ಲಿದ್ದರೂ ಚಾಲಕವಿಲ್ಲದ ಕಾರ್ಡ್ ನಿರುಪಯೋಗಿ.

ಪಾತ್ರ: ಸಾಮಾನ್ಯವಾಗಿ ಕಾರ್ಡ್ ನಿಯಂತ್ರಕವಾಗಿ ಕೆಲಸ ಮಾಡುತ್ತದೆ. ಆದರೆ ಕೆಲವು ಸ್ಪೆಕ್ಟ್ರಮ್ ಅನಲೈಸರ್‌ಗಳು ಪರದೆಯ ಚಿತ್ರವನ್ನು ನೇರವಾಗಿ ಪ್ಲಾಟರ್‌ಗೆ ಕಳುಹಿಸುತ್ತವೆ. ಅದನ್ನು ಗಣಕಯಂತ್ರದಲ್ಲಿ ಪಡೆಯಬೇಕಾದರೆ ಕಾರ್ಡ್ ಪ್ಲಾಟರ್‌ನ ಸ್ಥಾನದಲ್ಲಿ ನಿಂತು ಕೇಳುವ ಸಾಧನವಾಗಿಯೂ ವರ್ತಿಸಬೇಕು. ಕಡಿಮೆ ಬೆಲೆಯ ಎಲ್ಲ ಅಡಾಪ್ಟರ್‌ಗಳಲ್ಲಿಯೂ ಈ ಸಾಮರ್ಥ್ಯವನ್ನು ನಿರೀಕ್ಷಿಸುವಂತಿಲ್ಲ.

ಕ್ಯಾಲಿಬ್ರೇಷನ್ ದತ್ತಾಂಶದ ರಕ್ಷಣೆ

ಎಚ್‌ಪಿ 3478ಎ ಮಲ್ಟಿಮೀಟರ್ ತನ್ನ ಕ್ಯಾಲಿಬ್ರೇಷನ್ ಅಂಕಿಗಳನ್ನು ಬ್ಯಾಟರಿಯ ಆಧಾರವಿರುವ ಸ್ಮೃತಿಯಲ್ಲಿ ಇರಿಸಿಕೊಳ್ಳುತ್ತದೆ. ಬ್ಯಾಟರಿ ಮುಗಿದರೆ ಅಂಕಿಗಳು ಅಳಿದು, ಮಾಪಕವನ್ನು ಪುನಃ ಕ್ಯಾಲಿಬ್ರೇಷನ್‌ಗೆ ಒಪ್ಪಿಸಬೇಕಾಗುತ್ತದೆ. ಜಿಪಿಐಬಿ ಮೂಲಕ ಈ ಸ್ಮೃತಿಯನ್ನು ಓದಿ ಪ್ರತಿ ತೆಗೆದಿಟ್ಟುಕೊಂಡು, ಆಮೇಲೆ ಬ್ಯಾಟರಿ ಬದಲಿಸಬಹುದು. ಈ ಕೆಲಸಕ್ಕೆ ಕಾರ್ಡ್ ಎಲ್ಲ ಬೈಟ್‌ಗಳನ್ನೂ ಮಾರ್ಪಾಟಿಲ್ಲದೆ ಸಾಗಿಸಬೇಕು. ಕೆಲವು ಅಡಾಪ್ಟರ್‌ಗಳು ಸಾಲಿನ ಅಂತ್ಯವನ್ನು ಸೂಚಿಸುವ ಅಕ್ಷರಗಳನ್ನು ತಮ್ಮದೇ ಆದೇಶವೆಂದು ಗ್ರಹಿಸುತ್ತವೆ. ಅಂತಹವುಗಳಲ್ಲಿ ಕೈಪಿಡಿ ಸೂಚಿಸುವ ವಿಶೇಷ ಗುರುತನ್ನು ಆ ಅಕ್ಷರಗಳ ಹಿಂದೆ ಸೇರಿಸಬೇಕು.

ಶಿಕ್ಷಣದಲ್ಲಿ ಉಪಯೋಗ

ಬೆಂಗಳೂರಿನಂತಹ ನಗರಗಳಲ್ಲಿ ಕ್ಯಾಲಿಬ್ರೇಷನ್ ಮತ್ತು ದುರಸ್ತಿಯ ಸೇವೆಗಳು ಸಮೀಪದಲ್ಲಿವೆ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆಯಂತಹ ತಾಲ್ಲೂಕು ಕೇಂದ್ರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗಾದರೋ ಉಪಕರಣವನ್ನು ಹೊರಗೆ ಕಳುಹಿಸುವುದೂ ಹೊಸದನ್ನು ಕೊಳ್ಳುವುದೂ ವೆಚ್ಚದ ಮಾತು. ಇಂತಹ ಕಡೆ ಸೂಕ್ತ ಕಾರ್ಡ್ ದೊರೆತರೆ, ಹಳೆಯ ಮಾಪಕವೊಂದರಿಂದಲೇ ವಿದ್ಯಾರ್ಥಿಗಳು ಸ್ವಯಂಚಾಲಿತ ಅಳತೆ, ದತ್ತಾಂಶ ಸಂಗ್ರಹ ಹಾಗೂ ನಕ್ಷೆ ರಚನೆಯನ್ನು ಕಲಿಯಬಹುದು.